ಪರರ ಗ್ರಂಥದಲ್ಲಿ ತನ್ನ ಮಾತು

ಒಬ್ಬನು ಬರೆದ ಗ್ರಂಥವನ್ನು ಮತ್ತೊಬ್ಬನು ಅಳಿಸಿ, ಕತ್ತರಿಸಿ, ಬೇರೆ ಬಗೆಯಾಗಿ ಜೋಡಿಸಿ ಹೊಸದೊಂದು ಗ್ರಂಥವನ್ನಾಗಿ ಮಾಡುವುದು ಸ್ವಾತಂತ್ರ್ಯವೋ ಅಪಚಾರವೋ? ಪುಸ್ತಕಕ್ಕೆ ಕಾಲು ತಗುಲಿದರೆ ಕಣ್ಣಿಗೊತ್ತಿಕೊಳ್ಳುವ ಮನೆಗಳಲ್ಲಿ ಇದಕ್ಕೆ ಉತ್ತರವು ಸಿದ್ಧವಾಗಿಯೇ ಇರುವುದು. ಆದರೆ ವಿಷಯವು ಅಷ್ಟು ಸುಲಭವಾದುದಲ್ಲ.

ಟಾಮ್ ಫಿಲಿಪ್ಸ್ ಎಂಬ ಆಂಗ್ಲ ಚಿತ್ರಕಾರನು 1966ರಲ್ಲಿ ಮೂರು ಪೆನ್ಸಿಗೆ ಒಂದು ಹಳೆಯ ಕಾದಂಬರಿಯನ್ನು ಕೊಂಡು, ಪುಟಪುಟಕ್ಕೂ ಬಣ್ಣ ಬಳಿದು, ಅಲ್ಲಲ್ಲಿ ಕೆಲವೇ ಪದಗಳನ್ನು ಉಳಿಸುತ್ತ ಹೋದನು. ಉಳಿದ ಪದಗಳು ಮೂಲದಲ್ಲಿಲ್ಲದ ಕಥೆಯನ್ನು ಹೇಳಿದವು. 2016ರವರೆಗೆ, ಐವತ್ತು ವರುಷ, ಅವನಿಗೆ ಆ ಒಂದೇ ಪುಸ್ತಕವು ಸಾಕಾಯಿತು.

ಕನ್ನಡಕ್ಕೆ ಈ ಬಗೆಯು ಹೊಸತಲ್ಲ. ಕಡಗಂಚಿಯ ಈಶಾನ್ಯಕ್ಕೆ ಬಸವಣ್ಣನವರ ಕಲ್ಯಾಣ. ಪಡುವಣಕ್ಕೆ ಸಿದ್ಧರಾಮನ ಸೊನ್ನಲಿಗೆ, ಎಂದರೆ ಇಂದಿನ ಸೊಲ್ಲಾಪುರ. 12ನೆಯ ಶತಮಾನದ ಶರಣರು ಬಿಡಿಬಿಡಿಯಾಗಿ ನುಡಿದ ವಚನಗಳನ್ನು 15ನೆಯ ಶತಮಾನದ ಶಿವಗಣಪ್ರಸಾದಿ ಮಹಾದೇವಯ್ಯನು ಆಯ್ದು, ಅಲ್ಲಮಪ್ರಭುವನ್ನು ನಡುವಿರಿಸಿ ಸಂವಾದವಾಗಿ ಕೋದನು. ಅದೇ ‘ಶೂನ್ಯಸಂಪಾದನೆ’. ಮಾತು ಶರಣರದು, ಯಾರ ಮಾತಿಗೆ ಯಾರು ಮರುನುಡಿಯಬೇಕೆಂಬ ಕಟ್ಟು ಇವನದು. ಎಲ್ಲವನ್ನೂ ತಾನೇ ಬರೆದಿದ್ದರೆ ಇಷ್ಟು ಸ್ವತಂತ್ರನಾಗುತ್ತಿದ್ದನೆ? ಸಂದೇಹ. ಏಕಾಂತದಲ್ಲಿ ಹುಟ್ಟಿರಬಹುದಾದ ಅಕ್ಕಮಹಾದೇವಿಯ ವಚನವು ಕಲ್ಯಾಣದ ಸಭೆಯಲ್ಲಿ ಅಲ್ಲಮನ ಪರೀಕ್ಷೆಗೆ ಉತ್ತರವಾಗಿ ನಿಲ್ಲುವುದನ್ನು ಓದಿದವರು, ಪದವನ್ನು ಮುಟ್ಟದೆಯೇ ಅರ್ಥವನ್ನು ಹೊಸದು ಮಾಡಬಹುದೆಂಬುದನ್ನು ಬಲ್ಲರು.

ತೊಡಕು ಹುಟ್ಟಿದುದು ಮುಂದೆ. ಮಹಾದೇವಯ್ಯನ ಗ್ರಂಥದಲ್ಲಿ ಸಿದ್ಧರಾಮನಿಗೆ ಇಷ್ಟಲಿಂಗದೀಕ್ಷೆಯಾಗುವುದಿಲ್ಲ. ಹಲಗೆಯಾರ್ಯನಿಗೆ ಇದು ಒಪ್ಪಿಗೆಯಾಗಲಿಲ್ಲ. ದೀಕ್ಷೆಯ ಪ್ರಸಂಗವನ್ನು ಸೇರಿಸಿ ಗ್ರಂಥವನ್ನು ತಿದ್ದಿದನು. ಬಳಿಕ ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣ. ಹೀಗೆ ನಾಲ್ಕು ಕೈಗಳು. ಹಲಗೆಯಾರ್ಯನ ಕೈಯನ್ನು ನಡೆಯಿಸಿದುದು ಕಲ್ಪನೆಯೋ, ಮತದ ಕಟ್ಟಳೆಯೋ? ಎರಡನೆಯದೆಂದೇ ತೋರುವುದು. ಬಾಳಿ ಹೋದ ಶರಣನೊಬ್ಬನ ಜೀವನಕ್ಕೆ, ಅವನು ಇಲ್ಲವೆನ್ನಲಾರದ ಕಾಲದಲ್ಲಿ, ಒಂದು ಸಂಸ್ಕಾರವನ್ನು ಜೋಡಿಸುವುದು ಕಾದಂಬರಿಯ ಪುಟಕ್ಕೆ ಬಣ್ಣ ಬಳಿದಂತಲ್ಲ. ಆದರೂ ಅವನ ಪರವಾಗಿ ಹೇಳತಕ್ಕ ಮಾತೊಂದುಂಟು: ದೀಕ್ಷೆಯಿಲ್ಲದ ಸಿದ್ಧರಾಮನು ಅವನ ಕಣ್ಣಿಗೆ ಅಪೂರ್ಣನು, ತನಗೆ ನಿಜವೆಂದು ಕಂಡುದನ್ನೇ ಅವನು ತುಂಬಿದನು.

ಫಿಲಿಪ್ಸನು ಬಣ್ಣ ಬಳಿದುದು ಅಚ್ಚಾದ ಅನೇಕ ಪ್ರತಿಗಳಲ್ಲಿ ಒಂದಕ್ಕೆ. ಮೂಲಕ್ಕೆ ಅದರಿಂದ ಕೇಡಿಲ್ಲ. ಓಲೆಗರಿಯ ಕಾಲದಲ್ಲಿ ತಿದ್ದುವವನ ಕೈಯಲ್ಲಿರುವುದೇ ಕಡೆಯ ಪ್ರತಿಯಾಗಿರಬಹುದಿತ್ತು. ಪುಣ್ಯವಶಾತ್ ಹಾಗಾಗಲಿಲ್ಲ. ಮಹಾದೇವಯ್ಯನ ಗ್ರಂಥವೂ ಉಳಿಯಿತು, ಹಲಗೆಯಾರ್ಯನದೂ ಉಳಿಯಿತು, ಎರಡೂ ಅಚ್ಚಾಗಿವೆ. ದೀಕ್ಷೆ ಪಡೆದ ಸಿದ್ಧರಾಮನೂ ಪಡೆಯದ ಸಿದ್ಧರಾಮನೂ ಈಗ ಒಂದೇ ಕಪಾಟಿನಲ್ಲಿ ಮಗ್ಗುಲುಮಗ್ಗುಲಾಗಿ ನಿಲ್ಲಬಲ್ಲರು.