ದೂರು ಕೊಟ್ಟವನ ಮನಸ್ಸು

ಮಧುವನಹಳ್ಳಿಯಂಥ ಊರಿನಲ್ಲಿ ಎಲ್ಲರ ಹಿನ್ನೆಲೆಯೂ ಎಲ್ಲರಿಗೂ ಗೊತ್ತು. ಸಾಮಾಜಿಕ ಪರಿಶೋಧನೆಯ ಗ್ರಾಮಸಭೆಯಲ್ಲಿ ಯಾರಾದರೂ ಎದ್ದು, ಉದ್ಯೋಗ ಖಾತ್ರಿಯ ಹಾಜರಿ ಪಟ್ಟಿಯಾದ ಎನ್‌ಎಂಆರ್‌ನಲ್ಲಿ ಕೆಲಸಕ್ಕೇ ಬಾರದವರ ಹೆಸರಿದೆ ಎಂದರೆ, ಹಾಳೆ ತಿರುವಿ ನೋಡುವ ಮೊದಲೇ ಹಿಂದಿನಿಂದ ಮಾತು ಬರುತ್ತದೆ: ‘ಅವ್ನಿಗೆ ಪಾಲು ಸಿಕ್ಕಿಲ್ಲ ಕನ, ಅದ್ಕೇ ಕೂಗ್ತಾವ್ನೆ.’ ಅದು ನಿಜವೂ ಆಗಿರಬಹುದು. ಅವನು ಪಂಚಾಯಿತಿ ಚುನಾವಣೆಯಲ್ಲಿ ಸೋತಿರಬಹುದು, ಕಾಮಗಾರಿ ಕೈತಪ್ಪಿರಬಹುದು, ಬದುವಿನ ಜಗಳವಿರಬಹುದು. ಆದರೂ ಬಾರದವರ ಹೆಸರಿನಲ್ಲಿ ಕೂಲಿ ಹೋಗಿದ್ದರೆ ಹೋಗಿದೆ. ದೂರಿದವನ ಹೊಟ್ಟೆಕಿಚ್ಚಿನಿಂದ ಆ ಹಣ ಹಿಂದಕ್ಕೆ ಬರುವುದಿಲ್ಲ.

ನಿಸ್ವಾರ್ಥಕ್ಕೆ ನಾವು ಕೇಳುವ ಸಾಕ್ಷಿ ಕ್ರೂರವಾದದ್ದು. ಕೋಲಾರ ಜಿಲ್ಲೆಯ ಮಂಜುನಾಥ್ ಷಣ್ಮುಗಂ ಮೈಸೂರಿನಲ್ಲಿ ಎಂಜಿನಿಯರಿಂಗ್, ಲಖನೌದ ಐಐಎಂನಲ್ಲಿ ಎಂಬಿಎ ಓದಿ ಇಂಡಿಯನ್ ಆಯಿಲ್ ಸೇರಿದವರು. ಉತ್ತರಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆ ಇಂಧನದ ಬಂಕಿಗೆ ಬೀಗ ಹಾಕಿಸಿದರು. 2005ರ ನವೆಂಬರ್ 19ರಂದು ಅವರನ್ನು ಗುಂಡಿಟ್ಟು ಕೊಂದರು. ವಯಸ್ಸು 27. ಬೆಂಗಳೂರಿನಲ್ಲಿ ಸಹಕಾರ ಇಲಾಖೆಯ ಲೆಕ್ಕಪರಿಶೋಧನಾ ಅಧಿಕಾರಿ ಎಸ್.ಪಿ. ಮಹಾಂತೇಶ್ ವಸತಿ ಸಹಕಾರ ಸಂಘಗಳ ಅಕ್ರಮಗಳನ್ನು ಹೊರತೆಗೆದಿದ್ದರು. 2012ರ ಮೇ ತಿಂಗಳಲ್ಲಿ ಹಲ್ಲೆಗೊಳಗಾಗಿ ತೀರಿಕೊಂಡರು. ಮಂಜುನಾಥ್ ಬದುಕಿದ್ದು, ಆ ಕೆಲಸಕ್ಕಾಗಿ ಬಡ್ತಿ ಪಡೆದಿದ್ದರೆ? ‘ಬಡ್ತಿಗಾಗಿ ಮಾಡಿದ’ ಎಂದು ಹೇಳಲು ಒಬ್ಬನಾದರೂ ಇರುತ್ತಿದ್ದ. ಸಾಯದೆ ಯಾರನ್ನೂ ನಂಬಲಾರೆವು ಎನ್ನುವ ಸಮಾಜ ಪ್ರಾಮಾಣಿಕರಿಂದ ತೀರ ಹೆಚ್ಚಿನದನ್ನು ಬೇಡುತ್ತಿದೆ ಎಂಬುದೇ ನನ್ನ ನೋವು.

ದೂರಿದವನ ಉದ್ದೇಶವನ್ನು ನೋಡಬೇಕೋ ಬೇಡವೋ ಎಂಬ ಗೊಂದಲ ನಮ್ಮ ಕಾನೂನುಗಳಲ್ಲೂ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 6(2)ನೇ ಸೆಕ್ಷನ್ ಪ್ರಕಾರ ಅರ್ಜಿದಾರ ಮಾಹಿತಿ ಯಾಕೆ ಬೇಕೆಂದು ಕಾರಣ ಹೇಳಬೇಕಿಲ್ಲ. ಅವನ ಮನಸ್ಸಿನ ಬಾಗಿಲು ತಟ್ಟುವ ಅಧಿಕಾರ ಯಾರಿಗೂ ಇಲ್ಲ. ಭ್ರಷ್ಟಾಚಾರ ಬಯಲಿಗೆಳೆಯುವವರ ರಕ್ಷಣೆಗೆಂದೇ ಮಾಡಿದ, 2014ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದ ಕಾಯ್ದೆಯಾದರೋ ದೂರು ಸದ್ಭಾವನೆಯಿಂದ ಕೂಡಿರಬೇಕು ಎನ್ನುತ್ತದೆ. (ಅಂಕಿತ ಬಿದ್ದು ವರ್ಷಗಳು ಕಳೆದರೂ ಅದು ಜಾರಿಗೆ ಬಾರದೆ ಉಳಿದದ್ದು ಇನ್ನೂ ದೊಡ್ಡ ಅನ್ಯಾಯ.) ಬ್ರಿಟನ್ 2013ರಲ್ಲಿ ಈ ಗಂಟನ್ನು ಬಿಡಿಸಿತು: ಸದ್ಭಾವನೆ ಇಲ್ಲದಿದ್ದರೂ ರಕ್ಷಣೆ ಉಂಟು, ಪರಿಹಾರದ ಹಣದಲ್ಲಿ ಮಾತ್ರ ಶೇ 25ರವರೆಗೆ ಕಡಿತವಾಗಬಹುದು. ಇದು ನನಗೆ ನ್ಯಾಯವಾಗಿ ಕಾಣುತ್ತದೆ.

ಅಮೆರಿಕದ ವಾಟರ್‌ಗೇಟ್ ಹಗರಣದ ಗುಟ್ಟುಗಳನ್ನು ಪತ್ರಿಕೆಗೆ ತಲುಪಿಸಿದ ಮಾರ್ಕ್ ಫೆಲ್ಟ್, ಎಫ್‌ಬಿಐನ ಹಿರಿಯ ಅಧಿಕಾರಿ. 1972ರಲ್ಲಿ ಆ ತನಿಖಾ ಸಂಸ್ಥೆಯ ಮುಖ್ಯಸ್ಥ ಹೂವರ್ ಸತ್ತಾಗ ಆ ಕುರ್ಚಿಗೆ ಅಧ್ಯಕ್ಷ ನಿಕ್ಸನ್ ತಂದು ಕೂರಿಸಿದ್ದು ಬೇರೆಯವರನ್ನು. ಫೆಲ್ಟ್ ಮಾಡಿದ್ದು ಆ ಕಹಿಯಿಂದಲೋ, ಸಂಸ್ಥೆಯ ಮೇಲಿನ ನಿಷ್ಠೆಯಿಂದಲೋ? ಎರಡೂ ಇದ್ದಿರಬೇಕು. ಅನ್ಯಾಯ ಕಂಡವರು ಹತ್ತು ಜನ ಇರುತ್ತಾರೆ. ಒಬ್ಬನಿಗೆ ಸ್ವಂತ ಗಾಯವಾದಾಗ ಅವನ ಬಾಯಿ ಬಿಚ್ಚುತ್ತದೆ. ಆ ಗಾಯ ಅವನನ್ನು ಎಬ್ಬಿಸಿತೇ ಹೊರತು, ಅವನು ಕಂಡದ್ದನ್ನು ಸುಳ್ಳು ಮಾಡಲಿಲ್ಲ.

ಹಾಗಾದರೆ ಉದ್ದೇಶಕ್ಕೆ ಬೆಲೆಯೇ ಇಲ್ಲವೇ? ಇದೆ, ಆದರೆ ನಾವು ಹುಡುಕುವ ಕಡೆಯಲ್ಲಲ್ಲ. ದೂರಿನ ಸತ್ಯವನ್ನು ಅದು ಅಳೆಯಲಾರದು. ದೂರಿದವನು ಎಲ್ಲಿಯವರೆಗೆ ನಿಲ್ಲುತ್ತಾನೆ ಎಂಬುದನ್ನು ತಿಳಿಸುತ್ತದೆ. ಪಾಲಿಗಾಗಿ ಎದ್ದವನು ಪಾಲು ಸಿಕ್ಕ ದಿನ ಕೂರುತ್ತಾನೆ. ರಾಜಿಯಾಗಿ, ‘ತಪ್ಪು ತಿಳಿವಳಿಕೆಯಿಂದ ದೂರಿದ್ದೆ’ ಎಂದು ಬರೆದುಕೊಡುತ್ತಾನೆ. ಮುಂದಿನ ಸಲ ನಿಜವಾಗಿ ನೊಂದವನು ಎದ್ದರೂ ಊರು ನಗುತ್ತದೆ. ಈ ಹಾನಿ ಸಣ್ಣದಲ್ಲ. ಅದಕ್ಕೇ ‘ನನ್ನ ಪಾಲು ಕೈಗೆ ಬಂದರೂ ಈ ಮಾತಾಡುತ್ತೇನೆಯೇ’ ಎಂದು ಎದ್ದು ನಿಲ್ಲುವವನು ತನ್ನನ್ನು ತಾನೇ ಕೇಳಿಕೊಳ್ಳಬೇಕು. ಊರು ಆ ಉತ್ತರಕ್ಕೆ ಕಾಯಬೇಕಾಗಿಲ್ಲ. ಅವನು ಹೇಳಿದ್ದನ್ನು ಅಂದೇ ನಡಾವಳಿ ಪುಸ್ತಕದಲ್ಲಿ ಬರೆಸಿ, ಎನ್‌ಎಂಆರ್ ತರಿಸಿ, ಒಂದೊಂದೇ ಹೆಸರು ಕೂಗಿ ಎಲ್ಲರ ಸಹಿ ಹಾಕಿಸಬೇಕು. ಆಮೇಲೆ ಅವನು ರಾಜಿಯಾದರೂ ದೂರು ಅವನೊಬ್ಬನದಾಗಿ ಉಳಿದಿರುವುದಿಲ್ಲ.