ಇಂದಿನ ಚಿಂತನೆ: ಕೇಳಿ ತಂದ ಬಳ್ಳಿ



ಮನಿ ಪ್ಲಾಂಟನ್ನು ಕದ್ದು ತಂದರೇ ಮನೆಗೆ ಹಣ ಬರುತ್ತದೆ ಎಂಬ ನಂಬಿಕೆ ನಮ್ಮ ಕೇರಿಗಳಲ್ಲೂ ಇದೆ.

ಬಳ್ಳಿಯನ್ನೇ ಗಮನಿಸಿ. ಗೆಣ್ಣಿನ ಕೆಳಗೆ ಕತ್ತರಿಸಿ, ಗೆಣ್ಣು ಮುಳುಗುವಂತೆ ನೀರಿನಲ್ಲಿಟ್ಟು, ವಾರಕ್ಕೊಮ್ಮೆ ನೀರು ಬದಲಿಸಿದರೆ ಕೆಲವೇ ವಾರಗಳಲ್ಲಿ ಬೇರು ಬರುತ್ತದೆ. ಗೆಣ್ಣಿಲ್ಲದ ಬರೀ ಎಲೆ, ಕದ್ದದ್ದಾದರೂ ಬಳ್ಳಿಯಾಗದು. ಕಾರಣವಿದ್ದರೆ ಕಾರ್ಯ, ಇದೇ ಪಟಿಚ್ಚಸಮುಪ್ಪಾದ.

ಕಳ್ಳತನದಿಂದ ಬಳ್ಳಿಗೆ ಏನೂ ಆಗುವುದಿಲ್ಲ. ಆದರೆ ಶುಭಕ್ಕಾಗಿ ಕದ್ದರೆ ತಪ್ಪಿಲ್ಲವೆಂದು ನಮ್ಮ ಮಕ್ಕಳು ಕಲಿಯುತ್ತಾರೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಕಳ್ಳತನ ಮಾಡೆನೆಂಬುದೂ ಒಂದು. ಅದರಲ್ಲಿ ಸಣ್ಣ ಕಳ್ಳತನಕ್ಕೆ ರಿಯಾಯಿತಿ ಇಲ್ಲ.

ನೆರೆಮನೆಯವರನ್ನು ಕೇಳಿ ಒಂದು ತುಂಡು ತನ್ನಿ. ಬೆಳೆದ ಮೇಲೆ, ಕೇಳಿದವರಿಗೆ ನೀವೂ ಕೊಡಿ.

ಭವತು ಸಬ್ಬ ಮಂಗಲಂ.