ಕೋವಿಯೂ ಅಂತರಂಗವೂ



ಹಿನಕಲ್ ದಾಟಿ ಹುಣಸೂರು ರಸ್ತೆಯಲ್ಲೇ ಮುಂದೆ ಸಾಗಿದರೆ ಕೊಡಗು. ಅಲ್ಲಿ ಕೈಲ್ ಮುಹೂರ್ತದಂದು ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ. ಅವರಿಗೆ ಅದು ಹಿರಿಯರ ಗೌರವ. ಬೇರೊಬ್ಬರಿಗೆ ಅದೇ ಕೋವಿ ಭಯ. ನಿಮಗೆ ಏನು?

ಕೇಳಿದರೆ ಎಲ್ಲರೂ ಶಾಂತಿಪ್ರಿಯರೇ. ಬಾಯಿ ಹೇಳದ್ದನ್ನು ಅಳೆಯಲು ಅಮೆರಿಕದ ಮನಶ್ಶಾಸ್ತ್ರಜ್ಞ ಆಂಟನಿ ಗ್ರೀನ್‌ವಾಲ್ಡ್ ಮತ್ತು ಸಂಗಡಿಗರು 1998ರಲ್ಲಿ ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಚಿತ್ರಕ್ಕೆ ಒಳ್ಳೆಯ ಪದವನ್ನೋ ಕೆಟ್ಟ ಪದವನ್ನೋ ಜೋಡಿಸುವಾಗ ಬೆರಳು ಎಷ್ಟು ಬೇಗ ಗುಂಡಿ ಒತ್ತುತ್ತದೆ ಎಂಬುದೇ ಅಳತೆ. ಆದರೂ ಒಬ್ಬ ವ್ಯಕ್ತಿಯ ಬಗ್ಗೆ ಅದು ಕೊನೆಯ ತೀರ್ಪಲ್ಲ.

ಗೆತ್ಸೆಮನಿ ತೋಪಿನಲ್ಲಿ ಪೇತ್ರರು ಬೀಸಿದ ಕತ್ತಿಯನ್ನು ಒರೆಗೆ ಸೇರಿಸುವಂತೆ ಪ್ರಭು ಹೇಳಿದರು. ಕೊಲೆಯ ಬೇರು ಸಿಟ್ಟಿನಲ್ಲಿದೆ ಎಂದು ಮೊದಲೇ ಬೋಧಿಸಿದ್ದರು. ಸಿನಿಮಾದಲ್ಲಿ ಗುಂಡು ಹಾರಿದಾಗ ನಿಮ್ಮ ಹೃದಯ ಹಿಗ್ಗಿತೇ? ಇಂದು ರಾತ್ರಿ ಆತ್ಮಶೋಧನೆಯಲ್ಲಿ ಅದನ್ನೇ ಪ್ರಭುವಿನ ಮುಂದಿಡಿ.